ಹತ್ತವಲ್ದ ಲೆಕ್ಕ

ಬೆಟಗೇರಿಯ ನಮ್ಮ ಓಣ್ಯಾಗ ಕರೆಂಟು ಹೋದದ್ದು
ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗತೈತಿ.
ಆಜೂಬಾಜೂ ಮಗ್ಗದ ಖಟಾಖಟಿ ಒಮ್ಮೆಲೇ ನಿಂತು
ಎದಿಯೊಳಗ ಒಂದು ಮೆಟ್ಟಲ ತಪ್ಪಿದಂಗ.
ಆಮ್ಯಾಲ ಮೂಲ್ಯಾಗಿನ ಇನ್ವರ್ಟರು ಟಕ್ ಅನ್ನತೈತಿ,
ಫ್ಯಾನು ಬಿಟ್ಟ ಸುತ್ತು ಹಿಡೀತೈತಿ, ಟಿವಿಯವ ಬಿಟ್ಟ ಮಾತು.

ಈ ಬ್ಯಾಸಗ್ಯಾಗ ಹಂಗಿಲ್ಲ.
ಹನ್ನೊಂದು ನಿಮಿಷ ಚಂದಂಗ ನಡದು
ಕುಂಯ್, ಕುಂಯ್, ಕುಂಯ್,
ಕೆಂಪು ದೀಪ. ಕತ್ತಲ.

"ದಾದಾಪೀರನ್ನ ಕರಿ" ಅಂದ್ರು ಇವರು, ಮಲಗಿದಲ್ಲಿಂದನ.
ದಾದಾಪೀರ ಅಂದ್ರ ಮುನ್ನೂರು ರೂಪಾಯಿ, ಎರಡು ಚಾ.
ಹ್ವಾದ ಸಲ ಬ್ಯಾಟರಿಗೆ ನೀರು ಹಾಕಿ, ಮ್ಯಾಲಿನ ಕಿಲುಬು ತಿಕ್ಕಿ,
"ಅಕ್ಕಾರ, ಪೆಟ್ಟಿಗಿ ಮ್ಯಾಲ ಒಂಬೈನೂರು ಅಂತ ಬರದೈತಿ ಖರೆ,
ಎತ್ತೂದು ಏಳನೂರು" ಅಂತ ಹೇಳಿ ಹೋಗ್ಯಾನ.
ಅಷ್ಟು ಸಾಕು ನನಗ.
ಗದಗಿನ ಪ್ರೆಸ್ಸಿನ್ಯಾಗ ಹದಿನಾಲ್ಕು ವರ್ಷ ಫಾರ್ಮು ಎಣಿಸಿದಾಕಿ,
ಒಂದು ಹಾಳಿ ಕಮ್ಮಿ ಇದ್ರ ಬೆರಳಿಗೆ ತಿಳೀತೈತಿ.

ಟಾರ್ಚು ಬಾಯಾಗ ಕಚ್ಚಿ, ಕಿರಾಣಿ ವಹಿಯ ಬೆನ್ನಿಗೆ ಬರದೆ:
ಫ್ಯಾನು ಮೂರು, ಎರಡನೂರಾ ಇಪ್ಪತ್ತೈದು.
ಟ್ಯೂಬು ಐದು, ನೂರು. ಟಿವಿ ತೊಂಬತ್ತು.
ಸಮರ್ಥನ ಫೋನು, ವೈಫೈ ಡಬ್ಬಿ, ಚಿಲ್ಲರೆ ಇಪ್ಪತ್ತೈದು.
ಕೂಡಿಸಿದ್ರ ನಾಕನೂರಾ ನಲವತ್ತು.
ಕೆಳಗಿಂದ ಮ್ಯಾಲ ಮತ್ತ ಕೂಡಿಸಿದೆ, ಅಷ್ಟ.
ಪೆಟ್ಟಿಗಿ ಮಾತ್ರ ಹೊರಲಾರೆ ಅಂತೈತಿ.
ಸುಳ್ಳು ಹೇಳಾವರು ನಾನರ, ಅದರ.
ಲೆಕ್ಕ ಹತ್ತವಲ್ದು, ದೀಪ ಹತ್ತವಲ್ದು.

ಕಿಟಕ್ಯಾಗ ಬಾಜೂ ಮನಿ ಚಂಪಕ್ಕ:
"ಹೊರೂದರಾಗ ಹೆಣ್ಣುಮಕ್ಕಳ ಹಂಗ ಐತಲ್ಲವಾ ನಿನ್ನ ಪೆಟ್ಟಿಗಿ."
"ಇಲ್ಲಬೇ, ಇದು ಭಾರ ಆತಂದ್ರ ಒದರತೈತಿ" ಅಂದೆ.

ಅತ್ತಿ ಮಾತ್ರ ಸುಮ್ಮನ.
ಸಾರಿಗೆ ಉಪ್ಪು ಹೆಚ್ಚಾದ್ರ ಮೂರು ದಿನ ಮಾತಾಡೂ ಶಂಕ್ರವ್ವ
ಬಾಯಿಗೆ ಸೆರಗು ಹಚ್ಚಿ ಗ್ವಾಡಿಗೆ ಕುಂತಾಳ.

ಎಲ್ಲಾ ಆರಿಸಿದೆ. ಒಂದೊಂದ ಗುಂಡಿ, ಒಂದೊಂದ ಕ್ವಾಣಿ.
ಪೆಟ್ಟಿಗಿ ಮತ್ತ ಹಚ್ಚಿ, ಕತ್ತಲಾಗ ನಿಂತು ಕಿವಿಗೊಟ್ಟೆ.
ಅಡಗಿ ಮನ್ಯಾಗ, ಬೆಕ್ಕು ಮೈಮುರದಂಗ, ಗುರ್ರ್.
ಕರೆಂಟಿಲ್ಲದ ಹೊತ್ತು ಫ್ರಿಜ್ಜು ಉಸಿರಾಡಬಾರದು.
ಅದರ ವೈರು ಬ್ಯಾರೆ.

ವೈರು ಹಿಡಿದು ಹೊಂಟೆ.
ಜ್ವಾಳದ ಡಬ್ಬಿ ಹಿಂದ, ದೇವರ ಮಾಡದ ಕೆಳಗ,
ಮೊಣಕಾಲಿಗೆ ಅಂತ ತಂದ ಪ್ಲಾಸ್ಟರ್ ಹಚ್ಚಿ ಹಚ್ಚಿ
ಗ್ವಾಡಿಗುಂಟ ಅಂಟಿಸಿದ ಒಂದು ಕರೇ ದಾರಿ
ಇನ್ವರ್ಟರಿನ ತುತ್ತಿಗೆ ಬಂದು ಮುಟ್ಟೈತಿ.
ಓಡೂವಾಗ ನೂರೈವತ್ತು,
ಮಲಗಿದ್ದು ಎದ್ದೇಳೂವಾಗ ಅದರ ಮೂರು ಪಟ್ಟು.
ಹನ್ನೊಂದು ನಿಮಿಷ ಅದರ ನಿದ್ದಿ.

ಫ್ರೀಜರ್ ತಗದೆ.
ಒಳಗ ಸಾಲುಸಾಲು ಪೆಪ್ಸಿ, ಕೆಂಪು, ಹಳದಿ, ಜಾಂಬಳಿ,
ಬೆರಳುದ್ದ ಪ್ಲಾಸ್ಟಿಕ್ಕಿನ ಬಾಯಿಗೆಲ್ಲ
ಮಗ್ಗದ ಮನಿಯ ಉಳಿದ ಎಳಿ, ಸಣ್ಣ ಗಂಟು.
ರವಾ ಡಬ್ಬ್ಯಾಗ ಎರಡು ರೂಪಾಯಿಯ ನಾಣ್ಯ,
ಅಲುಗಾಡದಂಗ ನಡುವ ಹತ್ತಿ ತುರಕ್ಯಾಳ.

ನಾ ಪ್ರೆಸ್ಸಿನ್ಯಾಗ ಇದ್ದಾಗ ಮಧ್ಯಾಹ್ನ
ಓಣಿ ಹುಡುಗರ ನಾಲಿಗಿ ಯಾಕ ಕೆಂಪು ಅಂತ
ನಾ ಯಾರನ್ನೂ ಕೇಳಿರಲಿಲ್ಲ.
ಯಾತಕ್ಕ ಈ ರೊಕ್ಕ ಅಂತ ಈಗಲೂ ಕೇಳಲಿಲ್ಲ.
ತಂಪು ಹೋದೀತು ಅಂತ ಬಾಗಿಲ ಮುಚ್ಚಿದೆ.

ಟಿವಿ ತಗದೆ. ಎರಡು ಫ್ಯಾನು ತಗದೆ.
"ಸೆಕಿ ಮಾರಾಯ್ತಿ!" ಅಂದ್ರು ಇವರು.
"ಕಟ್ಟಿಗೆ ಬರ್ರಿ, ಗಾಳಿ ಐತಿ."
ಗಾಳಿ ಇರಲಿಲ್ಲ. ಆದ್ರೂ ಬಂದ್ರು.
ಇಪ್ಪತ್ತು ನಿಮಿಷಾತು, ನಲವತ್ತಾತು,
ಪೆಟ್ಟಿಗಿ ಪಿಟ್ಟಂದಿಲ್ಲ.

ಅತ್ತಿ ಕತ್ತಲಾಗ ಮೆಲ್ಲಕ:
"ಲೆಕ್ಕ ಹತ್ತಿತೇನವಾ?"
"ಇಲ್ಲತ್ತಿ" ಅಂದೆ, "ಇನ್ನೂ ಹತ್ತವಲ್ದು."

ಮುಂಜಾನೆ ಕೆಲಸಕ್ಕ ಹೋಗೂ ಮುಂದ ನೋಡಿದೆ,
ಮಾಡದ ಕೆಳಗ ಪ್ಲಾಸ್ಟರ್ ಒಂದು ಕಡೆ ಸಡಲಾಗಿತ್ತು.
ಹೊಸಾ ಪಟ್ಟಿ ಹರದು, ಹೆಬ್ಬಟ್ಟಿಲೆ ಒತ್ತಿ,
ಅಂಟಿಸಿ ಹೋದೆ.